ತಾನಾಗಿ ಆರುವ ಒಲೆ

ನಮ್ಮ ಹಿರಿಯರು ದೀಪವನ್ನು ‘ಶಾಂತ ಮಾಡು’ ಎನ್ನುತ್ತಿದ್ದರೇ ಹೊರತು ‘ಆರಿಸು’ ಎನ್ನುತ್ತಿರಲಿಲ್ಲ. ಒಲೆಯ ವಿಷಯದಲ್ಲಿಯೂ ಅವರಿಗೆ ಅದೇ ಭಾವನೆ. ಧಾರವಾಡ ಸೀಮೆಯ ಒಂದು ಸಣ್ಣ ಹಳ್ಳಿಯಲ್ಲಿ ಕಳೆದ ನನ್ನ ಬಾಲ್ಯದ ನೆನಪುಗಳಲ್ಲಿ ಅಜ್ಜಿಯ ಒಲೆ ಇಂದಿಗೂ ಮಾಸದೆ ಉಳಿದಿದೆ. ರಾತ್ರಿಯ ಊಟ ಮುಗಿದ ಬಳಿಕ ಅವಳು ಕೆಂಡಗಳನ್ನು ಒಂದು ಮೂಲೆಗೆ ಕೂಡಿಸಿ, ಅವುಗಳ ಮೇಲೆ ಬೂದಿ ಮುಚ್ಚುತ್ತಿದ್ದಳು. ನಸುಕಿನಲ್ಲಿ ಬೂದಿ ಸರಿಸಿ, ಕುಳ್ಳಿನ ಒಂದು ಚೂರಿಟ್ಟು, ಊದುಗೊಳವೆಯಿಂದ ನಾಲ್ಕು ಸಲ ಊದಿದರೆ ಸಾಕು, ಒಲೆ ಮತ್ತೆ ಎಚ್ಚರಗೊಳ್ಳುತ್ತಿತ್ತು. ಒಲೆ ಆರದಂತೆ ಕಾಯುವುದೇ ಗೃಹಿಣಿಯ ಜಾಣ್ಮೆಯೆಂದು ತಿಳಿದ ಕಾಲವದು. ಅಂಥ ಮನೆಯಲ್ಲಿ ಬೆಳೆದ ನನಗೆ, ಮುಪ್ಪಿನಲ್ಲಿ, ತಾನಾಗಿಯೇ ಆರುವ ಒಂದು ಒಲೆ ಪಾಠ ಕಲಿಸಿತು. ಆ ಪಾಠದಲ್ಲಿ ನನ್ನ ತಪ್ಪೇ ಹೆಚ್ಚಿರುವುದರಿಂದ ಅದನ್ನು ಬರೆಯಲು ಸಂಕೋಚವಾಗುತ್ತದೆ. ಆದರೂ ಓದುಗ ಬಂಧುಗಳ ಮನೆಗಳಲ್ಲಿಯೂ ಇಂಥ ಒಲೆಗಳು ಇರಬಹುದಾದ್ದರಿಂದ ಬರೆಯುವುದು ಕರ್ತವ್ಯವೆನಿಸಿದೆ.

ನಾನು ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಧಾರವಾಡದಲ್ಲಿ ಮಗ, ಸೊಸೆ, ಮೊಮ್ಮಗಳೊಡನೆ ವಾಸ. 2020ರ ಲಾಕ್‌ಡೌನ್ ಕಾಲದಲ್ಲಿ ಮಗ ದುಡಿಯುತ್ತಿದ್ದ ಸಣ್ಣ ಕಾರಖಾನೆ ಬಾಗಿಲು ಮುಚ್ಚಿತು. ಅವನು ಬೇರೆ ಉದ್ಯೋಗ ಹುಡುಕುವಷ್ಟರಲ್ಲಿ ನನ್ನ ಪಿಂಚಣಿಯೊಂದೇ ಮನೆಗೆ ಆಧಾರವಾಯಿತು. ಆಗ ಸೊಸೆ, ಯಾರಿಗೂ ಭಾರವೆನಿಸದ ರೀತಿಯಲ್ಲಿ, ಜೋಳದ ಹಿಟ್ಟಿನ ಬಿಸ್ಕತ್ತು ಮಾಡಿ ನೆರೆಹೊರೆಯವರಿಗೆ ಕೊಡತೊಡಗಿದಳು. ಬಿಸ್ಕತ್ತಿನ ಹಿಂದೆ ಬ್ರೆಡ್ಡು, ಬ್ರೆಡ್ಡಿನ ಹಿಂದೆ ಮಕ್ಕಳ ಹುಟ್ಟುಹಬ್ಬದ ಕೇಕು ಬಂದವು. 2021ರಲ್ಲಿ ತನ್ನ ಎರಡು ಬಳೆಗಳನ್ನು ಅಡವಿಟ್ಟು, ಅಡುಗೆಮನೆಯ ಕಪಾಟಿನೊಳಗೆ ಕೂಡಿಸುವಂಥ ಒಂದು ವಿದ್ಯುತ್ ಓವನ್ ಕೊಂಡಳು. ಒಂದೂವರೆ ವರ್ಷದಲ್ಲಿ ಬಳೆಗಳು ಬಿಡಿಸಿಕೊಂಡು ಬಂದವು. ಮಗನಿಗೆ ಕೆಲಸ ದೊರೆತ ಮೇಲೆಯೂ ಅವಳು ಈ ಉದ್ಯೋಗವನ್ನು ಬಿಡಲಿಲ್ಲ. ಮೊಮ್ಮಗಳ ಕಾಲೇಜಿನ ಶುಲ್ಕ ಈಗಲೂ ಆ ಓವನ್ನಿನಿಂದಲೇ ಹೊರಬರುತ್ತದೆ ಎಂದರೆ ಅತಿಶಯೋಕ್ತಿಯಲ್ಲ.

ಈ ವರ್ಷದ ಬೇಸಿಗೆಯ ಆರಂಭದಲ್ಲಿ ಓವನ್ನು ಹಟ ಹಿಡಿಯಿತು. ಹಚ್ಚಿದರೆ ಚೆನ್ನಾಗಿ ಕಾಯುತ್ತಿತ್ತು. ಅರ್ಧ ಗಂಟೆ ಸರಿಯುತ್ತಿದ್ದಂತೆ ‘ಟಕ್’ ಎಂಬ ಸದ್ದಿನೊಡನೆ ಒಳಗಿನ ದೀಪ, ಮುಂದಿನ ಅಂಕಿಗಳು, ಎಲ್ಲವೂ ಒಮ್ಮೆಲೇ ಆರಿಹೋಗುತ್ತಿದ್ದವು. ಇಪ್ಪತ್ತು-ಇಪ್ಪತ್ತೈದು ನಿಮಿಷ ಸುಮ್ಮನೆ ಬಿಟ್ಟರೆ, ಯಾರೂ ಮುಟ್ಟದಿದ್ದರೂ, ಮತ್ತೆ ಹೊತ್ತಿಕೊಳ್ಳುತ್ತಿತ್ತು. ಅಷ್ಟರಲ್ಲಿ ಒಳಗಿದ್ದ ಕೇಕಿನ ಗತಿ ಮುಗಿದಿರುತ್ತಿತ್ತು. ಹಿಟ್ಟು ಗಟ್ಟಿಯಾಗುವ ಮೊದಲೇ ಕಾವು ಇಳಿದರೆ, ಅದರೊಳಗೆ ಹಿಗ್ಗಿದ ಗಾಳಿ ಕುಗ್ಗಿ, ಉಬ್ಬಿದ ಕೇಕು ನಡುವೆ ಕುಸಿಯುತ್ತದೆ. ಒಮ್ಮೆ ಕುಸಿದುದನ್ನು ಮತ್ತೆ ಕಾಯಿಸಿ ಎಬ್ಬಿಸಲಾಗದು.

ಒಂದು ನಾಮಕರಣದ ಮನೆಗೆ ಒಪ್ಪಿಕೊಂಡಿದ್ದ ಮೂರು ಕೇಕುಗಳೂ ಹೀಗೆಯೇ ಹಾಳಾದವು. ಸೊಸೆ ಮುಂಗಡ ಹಣವನ್ನು ಮರಳಿ ಕೊಟ್ಟು, ಕ್ಷಮೆ ಕೇಳಿ ಬಂದಳು. ಆ ದಿನ ನಾನು ಆಡಿದ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. “ಹಗಲಾ ರಾತ್ರಿ ಅದನ್ನ ದುಡಿಸಿದ್ರ ಮತ್ತೇನಾಗ್ತದವ್ವಾ? ಯಂತ್ರ ಬಳಸೂದಕ್ಕೂ ಒಂದು ತಿಳುವಳಿಕೆ ಬೇಕು” ಎಂದೆ. ಅವಳು ಮರುಮಾತಾಡದೆ ಕೇಕಿನ ಪಾತ್ರೆಗಳನ್ನು ತೊಳೆಯಲು ಎತ್ತಿಕೊಂಡು ಹೋದಳು. ಇದಕ್ಕೂ ಕೆಲವು ದಿನ ಮೊದಲು ಅವಳು, “ಮಾವಾರ, ವಾರಕ್ಕೊಂದು ದಿವಸ ಆರ್ಡರ್ ತೊಗೊಳ್ಳದ ಬಿಡಬೇಕಂತೀನ್ರಿ, ಬೆನ್ನು ಭಾಳ ನೋಯಾಕ ಹತ್ತೇತಿ” ಎಂದಿದ್ದಳು. ಬಂದ ಗಿರಾಕಿಯನ್ನು ತಿರುಗಿಸಿ ಕಳುಹಿಸಬಾರದೆಂದು ಬುದ್ಧಿ ಹೇಳಿದವನೂ ನಾನೇ.

ಪೇಟೆಯಿಂದ ಒಬ್ಬ ತರುಣ ರಿಪೇರಿಯವನನ್ನು ಕರೆತಂದೆ. ಚುರುಕಾದ ಹುಡುಗ. ಓವನ್ನನ್ನು ಕಪಾಟಿನಿಂದ ಅರ್ಧ ಹೊರಗೆಳೆದು, ಮೇಲಿನ ತಗಡು ಬಿಚ್ಚಿ, ಒಂದು ರೂಪಾಯಿಯ ನಾಣ್ಯದಷ್ಟು ಅಗಲವಾದ, ಎರಡು ತಂತಿ ಸಿಕ್ಕಿಸಿದ ಒಂದು ಗುಂಡಿಯನ್ನು ತೋರಿಸಿದ. “ಸರ್, ಇದs ತೊಂದ್ರಿ ಕೊಡಾಕ ಹತ್ತೇತ್ರಿ. ಕಾದಕೂಡ್ಲೆ ಲೈನ್ ಕಟ್ ಮಾಡ್ತೈತಿ. ಡೈರೆಕ್ಟ್ ಮಾಡಿಬಿಡ್ತೀನ್ರಿ, ಮತ್ತ ಬಂದ್ ಆಗೂದಿಲ್ಲ.” ಡೈರೆಕ್ಟ್ ಮಾಡುವುದೆಂದರೆ, ಗುಂಡಿಯನ್ನು ಕಿತ್ತು, ಅದರ ಎರಡು ತಂತಿಗಳನ್ನು ಒಂದಕ್ಕೊಂದು ನೇರವಾಗಿ ಸೇರಿಸಿಬಿಡುವುದು.

ಬಾಗಿಲಲ್ಲಿ ನಿಂತಿದ್ದ ಸೊಸೆ ಮೆಲ್ಲನೆ ಕೇಳಿದಳು: “ಅದನ್ನ ಯಾಕ ಇಟ್ಟಾರಂತ ತಿಳಕೊಂಡು ಆಮ್ಯಾಲ ತಗಿಸಿದ್ರ ಛಲೋ ಅಲ್ಲರಿ, ಮಾವಾರ?”

ವಿಜ್ಞಾನದ ಮಾಸ್ತರನಾದ ನಾನು ಕೇಳಬೇಕಾಗಿದ್ದ ಪ್ರಶ್ನೆ ಅದು. ನಾನು ಕೇಳಲಿಲ್ಲ. ಕೇಳಿದವಳನ್ನು, “ನಿನಗ ತಿಳಿಯೂದಿಲ್ಲ, ಸುಮ್ಮನಿರು” ಎಂದು ಸುಮ್ಮನಾಗಿಸಿದೆ. ಹೊಸ ಭಾಗ ತರಿಸಿದರೆ ಎಂಟು ದಿನ ಕಾಯಬೇಕು, ಡೈರೆಕ್ಟ್ ಮಾಡಿದರೆ ಮುನ್ನೂರು ರೂಪಾಯಿಗೆ ಈಗಲೇ ಕೆಲಸ ಮುಗಿಯುತ್ತದೆ. ಹುಡುಗ ತಂತಿ ಹೆಣೆದು, ಟೇಪು ಸುತ್ತಿ, ಹಣ ತೆಗೆದುಕೊಂಡು ಹೋದ. ಓವನ್ನು ಅಂದಿನಿಂದ ಒಮ್ಮೆಯೂ ಆರಲಿಲ್ಲ. ಎರಡೂವರೆ ವಾರ ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಹದಿನೆಂಟನೆಯ ದಿನದ ರಾತ್ರಿ ಹನ್ನೊಂದರ ಸುಮಾರಿಗೆ ಮನೆಯಲ್ಲಿ ಸುಟ್ಟ ವಾಸನೆ ಹಬ್ಬಿತು. ಮೊದಲು ಬ್ರೆಡ್ಡು ಸೀದಿರಬೇಕೆಂದುಕೊಂಡೆ. ಆದರೆ ಅದು ಹಿಟ್ಟಿನ ವಾಸನೆಯಾಗಿರಲಿಲ್ಲ, ಗಂಟಲು ಹಿಡಿಯುವಂಥ ರಬ್ಬರಿನ ವಾಸನೆ. ಅಡುಗೆಮನೆಗೆ ಹೋಗಿ ನೋಡಿದರೆ ಕಪಾಟಿನ ಸಂದಿಯಿಂದ ಕಪ್ಪು ಹೊಗೆ ಏಳುತ್ತಿತ್ತು. ಸೊಸೆ ಓವನ್ನಿನ ಬಾಗಿಲ ಬಳಿ ಕೈಬಟ್ಟೆ ಹಿಡಿದು ದಿಗ್ಭ್ರಾಂತಳಾಗಿ ನಿಂತಿದ್ದಳು. ನಾನು ಹಿಂದುಮುಂದು ನೋಡದೆ ತುಂಬಿದ ಕೊಡವನ್ನು ಎತ್ತಿದೆ.

“ಅಜ್ಜಾ, ನೀರ ಹಾಕಬ್ಯಾಡ! ಕರೆಂಟ್ ಐತಿ!” ಎಂದು ಕೂಗಿದವಳು ಓದುತ್ತಿದ್ದ ಕೋಣೆಯಿಂದ ಓಡಿಬಂದ ಮೊಮ್ಮಗಳು. ಅವಳು ಅಡುಗೆಮನೆಗೆ ಬರದೆ ನೇರವಾಗಿ ಪಡಸಾಲೆಯ ಮೀಟರ್ ಬೋರ್ಡಿನತ್ತ ಹೋಗಿ ಮುಖ್ಯ ಸ್ವಿಚ್ಚನ್ನು ಕೆಳಗೆಳೆದಳು. ಮನೆಯೆಲ್ಲ ಕತ್ತಲಾಯಿತು. ಕೈಯಲ್ಲಿ ಕೊಡ ಹಿಡಿದು, ಆ ಕತ್ತಲಲ್ಲಿ, ಹೊಗೆ ನಿಧಾನವಾಗಿ ಇಳಿಯುವುದನ್ನು ನೋಡುತ್ತ ನಿಂತೆ. ಕರೆಂಟಿರುವ ಯಂತ್ರಕ್ಕೆ ನೀರು ಹಾಕಬಾರದೆಂಬುದನ್ನು ಎಷ್ಟು ತಲೆಮಾರಿನ ಮಕ್ಕಳಿಗೆ ನಾನು ಉರು ಹೊಡೆಸಿದ್ದೆನೋ! ಯಾರಿಗೂ ಗಾಯವಾಗಲಿಲ್ಲ. ಓವನ್ನಿನ ಹಿಂದಿದ್ದ ಪ್ಲೈವುಡ್ಡು ಒಂದು ತಟ್ಟೆಯಗಲ ಇದ್ದಿಲಾಗಿತ್ತು. ಅದರಿಂದ ಒಂದು ಮೊಳ ದೂರದಲ್ಲಿ ಗ್ಯಾಸಿನ ಕೊಳವೆ ಇತ್ತು.

ಮರುದಿನ ನಾನೇ ನಡೆದುಕೊಂಡು ಹೋಗಿ, ಹಳೆಯ ಪೇಟೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿರುವ ಒಬ್ಬ ಹಿರಿಯರನ್ನು ಕರೆತಂದೆ. ಅವರು ಬಂದವರೇ ಕೈಗೆ ಸ್ಕ್ರೂಡ್ರೈವರ್ ತೆಗೆದುಕೊಳ್ಳಲಿಲ್ಲ. ಕುರ್ಚಿಯ ಮೇಲೆ ಕುಳಿತು, ನನ್ನನ್ನು ಬಿಟ್ಟು ಸೊಸೆಯನ್ನು ಕೇಳಿದರು: “ಯವ್ವಾ, ಒಲಿ ಹಚ್ಚಾಕಿ ನೀ. ನೀ ಹೇಳು. ಎಷ್ಟೊತ್ತಿಗೆ ಬಂದ್ ಆಗ್ತಿತ್ತು? ಲೈಟ್ ಇರ್ತಿತ್ತೋ, ಅದೂ ಹೋಗ್ತಿತ್ತೋ? ತಾನಾಗೇ ಬರ್ತಿತ್ತೋ?” ಅವಳು ಎಲ್ಲವನ್ನೂ ಅಚ್ಚುಕಟ್ಟಾಗಿ ಹೇಳಿದಳು. ಬಿಸಿಲು ಹೆಚ್ಚಿದ ದಿನ ಬೇಗ ಆರುತ್ತಿತ್ತು, ಬೆಳಗಿನ ತಂಪಿನಲ್ಲಿ ಹತ್ತು ನಿಮಿಷ ಹೆಚ್ಚು ನಡೆಯುತ್ತಿತ್ತು ಎಂಬುದನ್ನೂ ಅವಳು ಗಮನಿಸಿದ್ದಳು. ನಾನು ಅದನ್ನು ಒಮ್ಮೆಯೂ ಕೇಳಿರಲಿಲ್ಲ.

ಅವರು ವಿವರಿಸಿದ ಲಕ್ಷಣಗಳು ಓದುಗರಿಗೂ ಉಪಯುಕ್ತವಾದ್ದರಿಂದ ನನ್ನ ಮಾತಿನಲ್ಲಿ ಇಲ್ಲಿ ಹೇಳುತ್ತೇನೆ. ಬೇಕಾದಷ್ಟು ಕಾವು ಬಂದೊಡನೆ ಓವನ್ನಿನ ಸಣ್ಣ ಸೂಚಕ ದೀಪ ಆರಿ, ಕಾವು ಇಳಿದಾಗ ಮತ್ತೆ ಹೊತ್ತುವುದು ದೋಷವಲ್ಲ. ಅದು ಥರ್ಮೋಸ್ಟಾಟಿನ ನಿತ್ಯದ ಕೆಲಸ. ಓವನ್ನು ಹಚ್ಚಿದ ಕೂಡಲೇ ಮನೆಯ ಬೋರ್ಡಿನ ಸೋರಿಕೆ ತಡೆಯುವ ಸ್ವಿಚ್ಚು ಬಿದ್ದರೆ, ಕಾಯುವ ಕಂಬಿಯಲ್ಲಿ ಕರೆಂಟು ಸೋರುತ್ತಿದೆ ಎಂಬ ಸಂಶಯ ಬರಬೇಕು. ಆ ಕಂಬಿಯ ನಡುವೆ ನಿಕಲ್-ಕ್ರೋಮಿಯಂ ಮಿಶ್ರಲೋಹದ ಸುರುಳಿ ಇರುತ್ತದೆ. ಅದರ ಸುತ್ತ ಮೆಗ್ನೀಸಿಯಂ ಆಕ್ಸೈಡಿನ ಪುಡಿಯನ್ನು ಒತ್ತಿ ತುಂಬಿರುತ್ತಾರೆ. ಪುಡಿ ಕಾವನ್ನು ಹೊರಬಿಟ್ಟು ಕರೆಂಟನ್ನು ಒಳಗೇ ತಡೆಯುತ್ತದೆ. ಆದರೆ ಅದಕ್ಕೆ ತೇವ ಹೀರುವ ಗುಣವಿದೆ. ಮಳೆಗಾಲದಲ್ಲಿ ಬಹಳ ದಿನ ಬಳಸದೆ ಬಿಟ್ಟ ಓವನ್ನಿಗೆ ಈ ತೊಂದರೆ ಬರಬಹುದು. ದೀಪವೆಲ್ಲ ಉರಿಯುತ್ತಿದ್ದು ಕಾವು ಮಾತ್ರ ಏರದಿದ್ದರೆ ಕಂಬಿಯನ್ನೋ ಥರ್ಮೋಸ್ಟಾಟನ್ನೋ ಪರೀಕ್ಷಿಸಬೇಕು. ಬಹಳ ಹೊತ್ತು ನಡೆದು, ಎಲ್ಲವೂ ಒಮ್ಮೆಲೇ ಆರಿ, ತಣ್ಣಗಾದ ಮೇಲೆ ತಾನಾಗಿ ಮರಳಿ ಬರುವುದಾದರೆ, ಓವನ್ನಿನ ಹೊರಕವಚ ಮಿತಿಮೀರಿ ಕಾಯುತ್ತಿದೆ ಎಂದು ಅರ್ಥ. ಆಗ ಹುಡುಕಬೇಕಾದದ್ದು ಆರಿಸಿದ ಗುಂಡಿಯ ತಪ್ಪನ್ನಲ್ಲ, ಕಾವು ಎಲ್ಲಿ ಸಿಕ್ಕಿಕೊಂಡಿದೆ ಎಂಬುದನ್ನು.

ಇಷ್ಟು ಹೇಳಿ ಅವರು ಓವನ್ನನ್ನು ಪೂರ್ತಿ ಹೊರಗೆಳೆಸಿದರು. ಮೇಲ್ಭಾಗದಲ್ಲಿ ಒಂದು ಉದ್ದನೆಯ ಪಂಖೆ ಇತ್ತು. ಕವಚಕ್ಕೂ ತಂತಿಗಳಿಗೂ ತಂಗಾಳಿ ಹಾಯಿಸಿ, ಬಿಸಿಗಾಳಿಯನ್ನು ಬಾಗಿಲ ಮೇಲಿನ ಸಂದಿಯಿಂದ ಹೊರದೂಡುವುದು ಅದರ ಕೆಲಸ. ಬೆರಳಿನಿಂದ ತಿರುಗಿಸಿದರೆ ಅದು ಅಲ್ಲಾಡಲಿಲ್ಲ. ನಾಲ್ಕು ವರ್ಷದ ಹಿಟ್ಟಿನ ಧೂಳು ತುಪ್ಪದ ಜಿಡ್ಡಿನೊಡನೆ ಕಲೆತು, ಮೇಣದಂತೆ ಅದರ ಅಚ್ಚನ್ನು ಹಿಡಿದುಕೊಂಡಿತ್ತು. ಪಂಖೆ ನಿಂತಿದ್ದರಿಂದ ಕಾವು ಹೋಗಲು ದಾರಿಯಿರಲಿಲ್ಲ. ಆಮೇಲೆ ಅವರು ಬ್ಯಾಟರಿ ಹಿಡಿದು ಕಪಾಟಿನೊಳಗೆ ಇಣುಕಿದರು. “ಇಲ್ಲೆ ಗಾಳಿ ಆಡಾಕ ಬಾಯಿ ಬಿಟ್ಟಿರ್ತಾರಲ್ರಿ, ಅದನ್ನ ಪ್ಲೈ ಹೊಡದು ಮುಚ್ಚಿಸಿದವರು ಯಾರು?”

ನನ್ನ ಎದೆ ಧಸಕ್ಕೆಂದಿತು. 2023ರ ಮಳೆಗಾಲದಲ್ಲಿ ಕಪಾಟಿನ ಹಿಂದಿನ ಸಂದಿಯಿಂದ ಒಂದು ಇಲಿ ಬಂದಿತ್ತು. ಬಡಿಗನನ್ನು ಕರೆಸಿ, ಆ ಸಂದಿಗೆ ಪ್ಲೈವುಡ್ಡು ಹೊಡೆಸಿದವನು ನಾನು. ಸೊಸೆ ಆಗ ತವರಿಗೆ ಹೋಗಿದ್ದಳು. ಬಂದ ಮೇಲೆ ಅವಳಿಗೆ ಹೇಳಿದ್ದೆನೋ ಇಲ್ಲವೋ, ನೆನಪಿಲ್ಲ. ಪಂಖೆ ಆರೋಗ್ಯವಾಗಿರುವತನಕ ಹೇಗೋ ನಡೆದಿತ್ತು. ಅದೂ ಸೋತ ಮೇಲೆ ಆ ನಾಣ್ಯದಗಲದ ಗುಂಡಿಯೊಂದೇ ನಮ್ಮೆಲ್ಲರನ್ನೂ ಕಾಯುತ್ತ ಉಳಿದಿತ್ತು. ಅದನ್ನೂ ನಾನು ಮುನ್ನೂರು ರೂಪಾಯಿ ಕೊಟ್ಟು ಕಿತ್ತು ಹಾಕಿಸಿದ್ದೆ.

ಹಿರಿಯರು ಆ ಗುಂಡಿಯನ್ನು ನೋಡಬೇಕೆಂದರು. ಸೊಸೆ ಅದನ್ನು ಎಸೆಯದೆ ಸಾಸಿವೆಯ ಡಬ್ಬಿಯ ಪಕ್ಕದಲ್ಲಿ ಇಟ್ಟಿದ್ದಳು. ಅವರು ಅದರ ಮುಚ್ಚಳ ಬಿಡಿಸಿ ಒಳಗಿನ ತೆಳು ಬಿಲ್ಲೆಯನ್ನು ನನ್ನ ಅಂಗೈಯಲ್ಲಿಟ್ಟು, “ಮಾಸ್ತರ್ರ, ಇದು ಎರಡು ಲೋಹದ್ದ್ರಿ. ನಿಮಗ ನಾ ಏನ ಹೇಳೂದೈತಿ?” ಎಂದರು. ಅವರು ವ್ಯಂಗ್ಯವಾಗಿ ಹೇಳಲಿಲ್ಲ. ಆದರೂ ನಾನು ತಲೆ ತಗ್ಗಿಸಿದೆ.

ಒಂಬತ್ತನೆಯ ತರಗತಿಯ ಮಕ್ಕಳಿಗೆ ಪ್ರತಿವರ್ಷವೂ ನಾನು ಕಲಿಸುತ್ತಿದ್ದ ದ್ವಿಲೋಹ ಪಟ್ಟಿ ಅದೇ. ಒಂದು ಮೀಟರ್ ಉದ್ದದ ಹಿತ್ತಾಳೆಯ ಸಲಾಕೆಯನ್ನು 100 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾಯಿಸಿದರೆ ಅದು ಸುಮಾರು 1.9 ಮಿಲಿಮೀಟರ್ ಹಿಗ್ಗುತ್ತದೆ, ಉಕ್ಕಿನದು ಸುಮಾರು 1.2 ಮಿಲಿಮೀಟರ್. ಹೀಗೆ ಬೇರೆಬೇರೆಯಾಗಿ ಹಿಗ್ಗುವ ಎರಡನ್ನು ಬೆಸೆದರೆ, ಕಾದಾಗ ಅವು ನೆಟ್ಟಗಿರಲಾರವು. ಹೆಚ್ಚು ಹಿಗ್ಗುವುದು ಹೊರಬದಿಗಾಗಿ ಪಟ್ಟಿ ಬಾಗುತ್ತದೆ. ಬಿಲ್ಲೆಯಾಗಿದ್ದರೆ, ಗೊತ್ತಾದ ಕಾವಿನಲ್ಲಿ, ಬೋರಲು ಹಾಕಿದ ಬೋಗುಣಿಯಂತೆ ‘ಟಕ್’ ಎಂದು ಮಗುಚಿ, ಕರೆಂಟಿನ ದಾರಿಯನ್ನು ಕಡಿಯುತ್ತದೆ. ತಣಿದ ಮೇಲೆ ತಾನಾಗಿ ಮೊದಲಿನಂತಾಗುತ್ತದೆ. 18ನೆಯ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಹ್ಯಾರಿಸನ್ (1693–1776), ಹಡಗಿನ ಗಡಿಯಾರ ಬಿಸಿಲು-ಚಳಿಗಳಿಂದ ತಪ್ಪು ಕಾಲ ತೋರಿಸದಿರಲೆಂದು, ತನ್ನ ಮೂರನೆಯ ಸಮುದ್ರ ಗಡಿಯಾರದಲ್ಲಿ ಈ ಉಪಾಯವನ್ನು ಹೂಡಿದ. ಆತ ಮೊದಲು ಬಡಗಿ. 1896ರಲ್ಲಿ ಗಿಯೋಮ್ ಎಂಬ ವಿಜ್ಞಾನಿ, ಕಬ್ಬಿಣದಲ್ಲಿ ನೂರಕ್ಕೆ ಸುಮಾರು 36 ಪಾಲು ನಿಕಲ್ ಬೆರೆಸಿದರೆ ಬಹು ಸ್ವಲ್ಪ ಮಾತ್ರ ಹಿಗ್ಗುವ ‘ಇನ್ವಾರ್’ ಲೋಹ ದೊರೆಯುವುದನ್ನು ಕಂಡುಕೊಂಡ. ಆತನಿಗೆ 1920ರಲ್ಲಿ ನೊಬೆಲ್ ಬಹುಮಾನ ಸಂದಿತು. ಇದೆಲ್ಲವೂ ನನಗೆ ಕಂಠಪಾಠ. ಕಪ್ಪು ಹಲಗೆಯ ಮೇಲೆ ಕಂಡಾಗ ಗುರುತಿಸಿದ್ದೆ, ನನ್ನದೇ ಅಡುಗೆಮನೆಯಲ್ಲಿ ಅದು ದಿನವೂ ‘ಟಕ್’ ಎಂದು ಕೂಗಿ ಹೇಳಿದಾಗ ಗುರುತಿಸಲಿಲ್ಲ.

ದುರಸ್ತಿಗೆ ನಾಲ್ಕು ದಿನ ಹಿಡಿಯಿತು. ಪಂಖೆಯ ಮೋಟಾರನ್ನು ಬದಲಿಸಿದರು. ಗುಂಡಿಯ ಮೇಲೆ ಬರೆದಿದ್ದ ಡಿಗ್ರಿಯನ್ನು ಓದಿಕೊಂಡು, ಅದೇ ಅಳತೆಯ ಹೊಸ ಗುಂಡಿಯನ್ನು ತರಿಸಿ ಕೂಡಿಸಿದರು. ಹೆಚ್ಚಿನ ಡಿಗ್ರಿಯದು ಬೇಗ ಸಿಕ್ಕರೂ ಹಾಕಲು ಒಪ್ಪಲಿಲ್ಲ. ಕರಕಾಗಿ ಪುಡಿಪುಡಿಯಾಗಿದ್ದ ತಂತಿಗಳನ್ನು ತೆಗೆದು, ಕಾವು ತಡೆಯುವ ಹೊದಿಕೆಯ ತಂತಿ ಎಳೆದರು. ನಮ್ಮ ಓವನ್ನು 2,300 ವಾಟಿನದು. 230 ವೋಲ್ಟಿಗೆ ಅದು 10 ಆಂಪಿಯರ್ ಎಳೆಯುತ್ತದೆ. ಅಷ್ಟು ಕರೆಂಟು ಗಂಟೆಗಟ್ಟಲೆ ಹರಿಯುವಾಗ ಸಡಿಲವಾದ ಒಂದು ಕೂಡಿಕೆಯೂ ಕೆಂಡವಾಗಬಲ್ಲದು. ಆದ್ದರಿಂದ 16 ಆಂಪಿಯರಿನ ಸಾಕೆಟ್ಟನ್ನೂ ಅರ್ಥಿಂಗನ್ನೂ ಪರೀಕ್ಷಿಸಿದರು. ಕಪಾಟಿನ ಹಿಂದಿನ ಪ್ಲೈವುಡ್ಡನ್ನು ಕೊಯ್ದು, ಅಲ್ಲಿ ತಂತಿಯ ಜಾಳಿಗೆ ಬಡಿಸಿದರು. ಗಾಳಿ ಬರುತ್ತದೆ, ಇಲಿ ಬರುವುದಿಲ್ಲ. ಎರಡು ವರ್ಷದ ಹಿಂದೆಯೇ ಇದು ನನಗೆ ಹೊಳೆಯಬಹುದಾಗಿತ್ತು.

ಹೋಗುವಾಗ ಅವರು ಸೊಸೆಗೆ ಎರಡು ಮಾತು ಹೇಳಿದರು. ಮೂರು ತಿಂಗಳಿಗೊಮ್ಮೆ ಮುಖ್ಯ ಸ್ವಿಚ್ಚು ತೆಗೆದು, ಪಂಖೆಯ ಸಂದಿಯ ಧೂಳನ್ನು ತೆಗೆಸಬೇಕು. ಬೇಯಿಸಿದ ಮೇಲೆ ಓವನ್ನು ಆರಿಸಿದರೂ ಪಂಖೆ ಸ್ವಲ್ಪ ಹೊತ್ತು ತಿರುಗುತ್ತದೆ, ಅದು ತಾನಾಗಿ ನಿಲ್ಲುವತನಕ ಗೋಡೆಯ ಸ್ವಿಚ್ಚನ್ನು ತೆಗೆಯಬಾರದು. ನನಗೆ ಏನೂ ಹೇಳಲಿಲ್ಲ. ನನಗೆ ಹೇಳಬೇಕಾದದ್ದನ್ನು ಆ ಬಿಲ್ಲೆ ಹೇಳಿತ್ತು.

ಅಂದು ಸಂಜೆ ಸೊಸೆ ಹಿಟ್ಟು ನಾದುತ್ತಿದ್ದಾಗ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, “ತಪ್ಪು ನಂದವ್ವಾ. ಸಂದಿ ಮುಚ್ಚಿಸಿದಾವ ನಾನು. ನೀ ಕೇಳಿದ ಮಾತು ಖರೇ ಇತ್ತು” ಎಂದೆ. ಹಿರಿಯನೆಂಬ ಅಭಿಮಾನ ಗಂಟಲಲ್ಲಿ ಅಡ್ಡ ನಿಂತಿದ್ದರಿಂದ ಇಷ್ಟು ಹೇಳುವುದೇ ಕಷ್ಟವಾಯಿತು. ಅವಳು ಕೈ ನಿಲ್ಲಿಸದೆ, “ಆಗ್ಲಿ ಬಿಡ್ರಿ ಮಾವಾರ, ಮನಿ ಉಳೀತಲ್ಲ” ಎಂದಳು. ಸ್ವಲ್ಪ ತಡೆದು, “ಸೋಮವಾರ ಒಲಿ ಹಚ್ಚಂಗಿಲ್ರಿ ಇನ್ನ” ಎಂದಳು. ಈ ಸಲ ಅವಳು ನನ್ನ ಅಪ್ಪಣೆ ಕೇಳಲಿಲ್ಲ, ತಿಳಿಸಿದಳು. ನನಗೆ ಥಟ್ಟನೆ ನೆನಪಾದದ್ದು ನಮ್ಮ ಹಳ್ಳಿಯ ರೂಢಿ. ಎಂಥ ಸುಗ್ಗಿಯ ಅವಸರವಿದ್ದರೂ ನನ್ನ ತಂದೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುತ್ತಿರಲಿಲ್ಲ. ಎತ್ತು ತಾನಾಗಿ ಬಾಯಿ ಬಿಟ್ಟು ಕೇಳಲಾರದೆಂದು ಹಿರಿಯರು ಅದಕ್ಕೊಂದು ದಿನವನ್ನು ಕಟ್ಟಿಕೊಟ್ಟಿದ್ದರು. ಬಾಯಿ ಬಿಟ್ಟು ಕೇಳಿದ ಸೊಸೆಗೆ ನಾನು ಆ ದಿನವನ್ನು ಕೊಟ್ಟಿರಲಿಲ್ಲ.

ಮನೆಯಲ್ಲಿ ಏನಾದರೂ ಮತ್ತೆ ಮತ್ತೆ ನಿಲ್ಲುತ್ತಿದ್ದರೆ, ಅದನ್ನು ನಡೆಯುವಂತೆ ಮಾಡುವ ಮೊದಲು, ಯಾಕೆ ನಿಲ್ಲುತ್ತಿದೆಯೆಂದು ಒಂದು ಗಳಿಗೆ ಕೇಳೋಣ. ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಅದು ಯಂತ್ರವಾಗಿದ್ದರೆ ಬಲ್ಲವರನ್ನು ಕರೆಸೋಣ, ಯಾರಾದರೂ ‘ಡೈರೆಕ್ಟ್ ಮಾಡಿಕೊಡುತ್ತೇನೆ’ ಎಂದರೆ ಬೇಡವೆನ್ನೋಣ. ಅದು ಮನುಷ್ಯರಾಗಿದ್ದರೆ ಅವರನ್ನೇ ಕೇಳೋಣ.

ಈಗ ಸೋಮವಾರವೊಂದನ್ನು ಬಿಟ್ಟು ಪ್ರತಿರಾತ್ರಿಯೂ ನನಗೊಂದು ಕೆಲಸವಿದೆ. ಸೊಸೆ ಕೊನೆಯ ತಟ್ಟೆ ತೆಗೆದು ಮಲಗಲು ಹೋದ ಮೇಲೆ, ನಾನು ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂಡುತ್ತೇನೆ. ಪಂಖೆ ಹತ್ತು-ಹನ್ನೆರಡು ನಿಮಿಷ ಗುಂಯ್ಯೆನ್ನುತ್ತಿರುತ್ತದೆ. ಅಜ್ಜಿ ಕೆಂಡಕ್ಕೆ ಬೂದಿ ಮುಚ್ಚುತ್ತಿದ್ದುದೂ ಸುಮಾರು ಇದೇ ಹೊತ್ತಿಗೆ. ಪಂಖೆ ತಾನಾಗಿ ನಿಂತ ಮೇಲೆ ಎದ್ದು, ಗೋಡೆಯ ಸ್ವಿಚ್ಚು ತೆಗೆದು, ಒಲೆಯನ್ನು ಶಾಂತ ಮಾಡಿ ಮಲಗುತ್ತೇನೆ.